ನೀರುಗಂಟಿಯ ನಲವತ್ತೆರಡು ಆಮೆಗಳು

ಮದ್ದೂರು ಕಡೆಯ ಕೆಂಪರಾಜು ಮೂವತ್ತೊಂದು ವರ್ಷ ನೀರುಗಂಟಿಯಾಗಿದ್ದವನು. ಪಂಚಾಯ್ತಿ ಟ್ಯಾಂಕಿನ ನೀರನ್ನು ಯಾವ ಬೀದಿಗೆ ಎಷ್ಟು ಹೊತ್ತಿಗೆ ಬಿಡಬೇಕು, ಯಾವ ವಾಲ್ವನ್ನು ಎಷ್ಟು ಸುತ್ತು ತಿರುಗಿಸಬೇಕು ಅನ್ನುವುದೇ ಅವನ ಕೆಲಸ. ನೆಲಕ್ಕೆ ಕಿವಿ ಇಟ್ಟರೆ ಯಾರ ಮನೆಯ ಪೈಪು ಸೋರುತ್ತಿದೆ, ಆ ಮನೆಯಲ್ಲಿ ಅತ್ತೆ ಸೊಸೆ ಮಾತಾಡುತ್ತಿದ್ದಾರೋ ಇಲ್ಲವೋ, ಇವತ್ತಿನ ಸಾರು ಯಾವುದು, ಮೂರನ್ನೂ ಹೇಳುತ್ತಿದ್ದನಂತೆ. ನಾನು ಹೇಳುವುದರಲ್ಲಿ ಅರ್ಧ ಬುರುಡೆ ಅಂತ ನನ್ನ ಸೊಸೆ ಹೇಳುತ್ತಾಳೆ. ಇದರಲ್ಲಿ ಬುರುಡೆ ಸಾರಿನದ್ದು ಮಾತ್ರ.

ಒಂದು ಮಳೆಗಾಲದಲ್ಲಿ ಅವನ ಕೈ ತಪ್ಪಿತಂತೆ. ಟ್ಯಾಂಕು ತೊಳೆದ ಕೆಸರು ನೀರನ್ನು ಮೋರಿಗೆ ಬಿಡುವ ಬದಲು ಪಕ್ಕದ ವಾಲ್ವು ತಿರುಗಿಸಿ ಕೆಳಗಿನ ಬೀದಿಯ ಮನೆಗಳಿಗೆ ಬಿಟ್ಟುಬಿಟ್ಟ. ನೋಡಿದವರು ಯಾರೂ ಇಲ್ಲ. ಪೈಪು ಒಡೆದಿದೆ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಇವನು ಮನೆಯಿಂದ ಊಟದ ತಟ್ಟೆ ತಂದು ಬಡಿಯುತ್ತಾ, ಬೀದಿಯ ಈ ತುದಿಯಿಂದ ಆ ತುದಿಗೆ, "ನೀರು ಕುಡೀಬ್ಯಾಡಿ, ಕೆಡಿಸಿರೋನು ನಾನೇ, ಕೆಂಪರಾಜ" ಅಂತ ಸಾರಿಕೊಂಡು ಹೋದ. ಅವನ ಹೆಂಡತಿ ಹುಚ್ಚಮ್ಮ ಈ ಕತೆಯನ್ನು ನನಗೆ ನೂರಾ ಎಂಟು ಸಲ ಹೇಳಿದ್ದಾಳೆ. ಪ್ರತಿ ಸಲವೂ ಮುಗಿಸುವುದು ಒಂದೇ ಮಾತಿನಿಂದ: "ತಟ್ಟೆ ಸೊಟ್ಟಗಾಗೋಯ್ತು ಕಣಣ್ಣ. ನಮ್ಮ ತವರಿಂದು."

ಇಂಥವನು ಆರು ವರ್ಷದ ಹಿಂದೆ ಹುಚ್ಚಮ್ಮನ ಜತೆ ಮಗಳು ತೇಜಸ್ವಿನಿಯ ಮನೆಗೆಂದು ಅಮೇರಿಕದ ಸನ್ನಿವೇಲ್‌ಗೆ ಬಂದ. ಮೂವತ್ತೊಂದು ವರ್ಷ ಊರಿಗೆಲ್ಲ ನೀರು ಬಿಟ್ಟವನು ಮೊದಲ ದಿನವೇ ಅಪಾರ್ಟ್‌ಮೆಂಟಿನ ಶವರಿನ ಹಿಡಿ ಯಾವ ಕಡೆ ತಿರುಗಿಸಬೇಕೆಂದು ತಿಳಿಯದೆ ಬೆನ್ನು ಬೇಯಿಸಿಕೊಂಡ. ಆವತ್ತಿನಿಂದ ಅವನು ಆ ಮನೆಯಲ್ಲಿ ಯಾವ ನಲ್ಲಿಯನ್ನೂ ನಂಬಲಿಲ್ಲ. ತೇಜಸ್ವಿನಿ ರೆಡ್‌ವುಡ್ ಸಿಟಿಯ ಆಫೀಸಿಗೆ ರೈಲು ಹತ್ತಿದ ಮೇಲೆ ಇಡೀ ದಿನ ಅವನಿಗೆ ಕೆಲಸವಿಲ್ಲ. ಕಾರು ಓಡಿಸಲು ಬಾರದು, ಇಂಗ್ಲಿಷ್ ಬಾರದು, ಡಿಶ್‌ವಾಶರ್ ತುಂಬಿದರೆ ಮಗಳು ಬಂದು ಎಲ್ಲವನ್ನೂ ತೆಗೆದು ಮತ್ತೆ ಜೋಡಿಸುತ್ತಾಳೆ.

ನಾನು ಅದೇ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯವನು, ಜಯರಾಮ. ಹಾಸನದ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ಜನರಿಗೆ ಇಂಗ್ಲಿಷ್ ಫಾರಂ ತುಂಬಿಕೊಡುತ್ತಾ ಆಯಸ್ಸು ಕಳೆದವನು. ಹಾಗಾಗಿ ಇಲ್ಲಿ ಕೆಂಪರಾಜುವಿನ ಬಾಯಿಯೂ ನಾನೇ, ಕಿವಿಯೂ ನಾನೇ. ಅವನು ಕೆಟ್ಟಿದ್ದು ಅದರಿಂದಲೇ.

ನಾವಿಬ್ಬರೂ ದಿನಾ ಹೋಗಿ ಕೂರುತ್ತಿದ್ದದ್ದು ಒಂದು ಕೊಳದ ಹತ್ತಿರ. ಒಂದು ಪಕ್ಕ ಫ್ರೀವೇ, ಇನ್ನೊಂದು ಪಕ್ಕ ಜೊಂಡು, ಅದರಾಚೆ ಕೊಲ್ಲಿಯ ಉಪ್ಪು ಗಾಳಿ. ಬೇಸಿಗೆ ಬಂತೆಂದರೆ ಬಾತುಕೋಳಿಗಳು ಈಜುವುದು ಬಿಟ್ಟು ನಡೆದುಕೊಂಡೇ ದಾಟುವಷ್ಟು ದಪ್ಪ ಪಾಚಿ ಕಟ್ಟುತ್ತಿತ್ತು. ಕೆಂಪರಾಜು ದಡದಲ್ಲಿ ಒಂದು ಕೋಲು ನೆಟ್ಟು, ಅದರ ಮೇಲೆ ಗೀರು ಹಾಕಿ, ನೀರು ಎಷ್ಟು ಇಳಿಯಿತು ಅಂತ ದಿನವೂ ನೋಡುತ್ತಿದ್ದ. ಯಾರೂ ಹೇಳಿದ್ದಲ್ಲ. ಕೈ ಸುಮ್ಮನಿರಬೇಕಲ್ಲ.

"ಈ ನೀರಿಗೆ ಉಸ್ರು ಕಟ್ಟೋಗದೆ ಕಣಣ್ಣ," ಅಂದ ಒಂದು ದಿನ. "ಯಾರೂ ಒಂದು ಆಮೆ ಬುಟ್ಟಿಲ್ಲ ನೋಡು ಇದ್ಕೆ."

ನಮ್ಮ ಕಡೆ ಹೊಸ ಬಾವಿಗೆ ಆಮೆ ಬಿಡುವ ರೂಢಿ ಇತ್ತು. ಹುಳ ಹುಪ್ಪಟೆ ತಿಂದುಕೊಂಡು ಅದು ನೀರನ್ನು ಚೊಕ್ಕಟವಾಗಿ ಇಡುತ್ತದೆ ಅನ್ನುವ ನಂಬಿಕೆ. ಕೆಂಪರಾಜುವಿನ ಊರಿನಲ್ಲಿ ಯಾರ ಬಾವಿಗೆ ಆಮೆ ಬಿಡಬೇಕಾದರೂ ಇವನನ್ನೇ ಕರೆಯುತ್ತಿದ್ದರು. ಕುಂಕುಮ ಇಟ್ಟು, ಬುಟ್ಟಿಯಲ್ಲಿ ಕೂರಿಸಿ, ಹಗ್ಗದಲ್ಲಿ ಮೆಲ್ಲಗೆ ಇಳಿಸುವುದು ನೀರುಗಂಟಿಯ ಕೈ. ನಾನು ನಕ್ಕು, "ನಮ್ಮಜ್ಜನ ಬಾವಿಯ ಆಮೆ ಎಷ್ಟು ಚೊಕ್ಕಟ ಅಂದರೆ, ಕೊಡ ತೊಳೆಯದೆ ಇಳಿಸಿದರೆ ವಾಪಸ್ ಕಳಿಸುತ್ತಿತ್ತು" ಅಂದೆ. ಅವನು ನಗಲಿಲ್ಲ. ತಲೆ ಆಡಿಸಿದ.

ಮೊದಲ ಆಮೆ ಸಿಕ್ಕಿದ್ದು ತೇಜಸ್ವಿನಿಯ ಆಫೀಸಿನ ಗೆಳತಿಯ ಮನೆಯಿಂದ. ಮಗಳ ಹುಟ್ಟುಹಬ್ಬಕ್ಕೆ ಅವಳು ಬೆರ್ರಿಯೆಸಾ ಕಡೆ ರಸ್ತೆ ಬದಿಯಲ್ಲಿ ಪ್ಲಾಸ್ಟಿಕ್ ಟಬ್ಬು ಇಟ್ಟುಕೊಂಡು ಕೂತಿದ್ದ ಯಾರದೋ ಹತ್ತಿರ ಅದನ್ನು ಕೊಂಡಿದ್ದಳು. ಆಗ ಅದು ನಿಪ್ಪಟ್ಟಿನಷ್ಟಿತ್ತು, ಹಸಿರು ಚಿಪ್ಪು, ಕಣ್ಣಿನ ಹಿಂದೆ ಕೆಂಪು ಪಟ್ಟೆ. ಮೂರೇ ವರ್ಷಕ್ಕೆ ಊಟದ ತಟ್ಟೆಯಷ್ಟಾಗಿ, ಗಾಜಿನ ತೊಟ್ಟಿ ನಾರುತ್ತಿತ್ತು, ಮಗು ಅದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಕೆಂಪರಾಜು ಬಕೆಟ್ಟು ಹಿಡಿದು ಹೋದ. ಕುಂಕುಮ ಇಟ್ಟ. ಊರಿನಲ್ಲಿ ವಾಲ್ವಿಗೆಲ್ಲ ನಂಬರು ಬರೆದ ಅಭ್ಯಾಸ ನೋಡಿ, ತೇಜಸ್ವಿನಿಯ ಕೆಂಪು ನೇಲ್ ಪಾಲಿಶ್ ತಗೊಂಡು, ದೃಷ್ಟಿಯಾಗದಿರಲಿ ಅಂತ ಹೊಟ್ಟೆಯ ಕಡೆಗೆ ಕನ್ನಡದ ೧ ಅಂತ ಬರೆದ. "ಹೋಗ್ಬಾ ನಮ್ಮಪ್ಪ, ನೀರು ನೋಡ್ಕೊ" ಅಂದು ಕೊಳಕ್ಕೆ ಬಿಟ್ಟ.

ಸುದ್ದಿ ವಾಟ್ಸಾಪ್ ಗುಂಪಿನಲ್ಲಿ ಹರಡಿತು. ಈ ಸೀಮೆಯಲ್ಲಿ ಇಷ್ಟೊಂದು ಕನ್ನಡದವರ ಮನೆಯಲ್ಲಿ ಇಷ್ಟೊಂದು ಬೇಡವಾದ ಆಮೆಗಳಿವೆ ಅಂತ ಯಾರಿಗೆ ಗೊತ್ತಿತ್ತು. ಗೃಹಪ್ರವೇಶಕ್ಕೆ ಶುಭ ಅಂತ ಯಾರೋ ಕೊಟ್ಟದ್ದು, ಮಗು ಹಟ ಹಿಡಿದದ್ದಕ್ಕೆ ತಂದದ್ದು, ಕಾಲೇಜಿಗೆ ಹೋದ ಮಗ ಬಿಟ್ಟುಹೋದದ್ದು. ಕಸಕ್ಕೆ ಹಾಕಲು ಮನಸ್ಸು ಒಪ್ಪದು, ಸಾಕಲು ಮೈ ಒಪ್ಪದು. ಫೋನು ಮಾಡಿದರೆ ಕೆಂಪರಾಜುವನ್ನು ಅವರೇ ಕಾರಿನಲ್ಲಿ ಕರೆದುಕೊಂಡು ಹೋಗಿ, ಕೋಸಂಬರಿ ಪಾಯಸ ಹಾಕಿ, ಆಮೆಯ ಸಮೇತ ಕೊಳದ ಹತ್ತಿರ ಇಳಿಸುತ್ತಿದ್ದರು. ಅಲ್ಲಿಗೆ ಅವರ ಪಾಪವೂ ಹೋಯಿತು, ಒಂದು ಪುಣ್ಯವೂ ಬಂತು.

ಕೆಂಪರಾಜು ನೆಟ್ಟಗೆ ನಡೆಯಲು ಶುರು ಮಾಡಿದ. ಬೆಳಿಗ್ಗೆ ಕೊಳದ ದಡದಲ್ಲಿ ನಿಂತು ಬಕೆಟ್ಟಿಗೆ ಕೋಲಿನಿಂದ ಟಣ್ ಟಣ್ ಬಡಿದರೆ ಸಾಕು, ಆಮೆಗಳು ತಲೆ ಎತ್ತಿಕೊಂಡು ಬರುತ್ತಿದ್ದವು. ಇವನು ಲೆಟಿಸ್ ಎಲೆ ಹರಿದು ಹಾಕುತ್ತಿದ್ದ. ಒಂದೊಂದೂ ಯಾರ ಮನೆಯದು, ಯಾವ ದಿಮ್ಮಿಯ ಮೇಲೆ ಕೂರುತ್ತದೆ, ಯಾರ ಜತೆ ಜಗಳ, ಎಲ್ಲವೂ ಅವನಿಗೆ ಗೊತ್ತು.

"ಮನೇಲಿ ಬಿಸ್ನೀರ್ ಯಾವ್ದು ತಣ್ಣೀರ್ ಯಾವ್ದು ತಿಳಿಯಾಕಿಲ್ಲ," ಅನ್ನುತ್ತಿದ್ದಳು ಹುಚ್ಚಮ್ಮ. "ಅಮೇರಿಕದ ಕೆರೆ ಕಾಯ್ತಾರಂತೆ."

"ಕಾಯೋರಿಲ್ದೆ ಹಾಳಾಗೋಗಿತ್ತು ಕಣಮ್ಮಿ. ಈಗ ನೋಡೋಗು."

ನಿಜ ಹೇಳಬೇಕೆಂದರೆ ಪಾಚಿ ಒಂದು ಹಿಡಿಯೂ ಕಡಿಮೆಯಾಗಿರಲಿಲ್ಲ. ನಾನು ಹೇಳಲಿಲ್ಲ. ಅಲ್ಲಿಂದಲೇ ನನ್ನ ಹೇಳದಿರುವ ಕೆಲಸ ಶುರುವಾಯಿತು.

ಆಮೆಗಳ ಎಣಿಕೆ ನಲವತ್ತೊಂದು ಮುಟ್ಟಿದಾಗ ಮಾರಿಸೆಲಾ ಬಂದಳು. ಕೊಳಗಳನ್ನು ನೋಡಿಕೊಳ್ಳುವ ಇಲಾಖೆಯವಳು, ಜೀವಶಾಸ್ತ್ರ ಓದಿದವಳು, ಮೊಣಕಾಲುದ್ದದ ರಬ್ಬರು ಬೂಟು. ಗೀರು ಹಾಕಿದ ಕೋಲನ್ನು ನೋಡಿ, ಇದು ಯಾರದು ಅಂತ ಕೇಳಿ, ಕೆಂಪರಾಜುವಿನದು ಅಂದಾಗ ಅವಳಿಗೆ ಎಷ್ಟು ಸಂತೋಷವಾಯಿತೆಂದರೆ ಅವನ ಪಕ್ಕ ಕಲ್ಲಿನ ಮೇಲೆ ಕೂತೇಬಿಟ್ಟಳು. ಆಮೇಲೆ ದಿಮ್ಮಿಗಳ ಕಡೆ ಕೈ ತೋರಿಸಿ ನನಗೆ ಇಂಗ್ಲಿಷಿನಲ್ಲಿ ಹೇಳಿದಳು.

"ಆ ಕೆಂಪು ಕಿವಿಯವು ಇಲ್ಲಿಯವಲ್ಲ. ಸಾಕಲಾರದೆ ಜನ ತಂದು ಬಿಟ್ಟುಹೋಗುತ್ತಾರೆ. ಇಲ್ಲಿಯದೇ ಒಂದು ಕಂದು ಆಮೆ ಇದೆ, ತುಂಬ ಅಂಜುಬುರುಕ. ಬಿಸಿಲು ಕಾಯದಿದ್ದರೆ ಅದು ಬದುಕುವುದಿಲ್ಲ. ಈ ದಾಂಡಿಗರು ದಿಮ್ಮಿಯನ್ನೆಲ್ಲ ಹಿಡಿದುಕೊಂಡರೆ ಅದು ನೀರೊಳಗೇ ಉಳಿದು ಸೊರಗುತ್ತದೆ. ಅದರ ಊಟವನ್ನೂ ಇವೇ ತಿನ್ನುತ್ತವೆ, ರೋಗವನ್ನೂ ತರುತ್ತವೆ. ಐದು ವರ್ಷದ ಹಿಂದೆ ಇಲ್ಲಿ ಹನ್ನೊಂದು ಕಂದು ಆಮೆ ಎಣಿಸಿದ್ದೆ. ಹೋದ ತಿಂಗಳು ಕಂಡದ್ದು ಮೂರು."

"ಏನಂತಣ್ಣ ಅವಮ್ಮ?" ಅಂದ ಕೆಂಪರಾಜು.

ಅವನ ಮುಖ ನೋಡಿದೆ. "ಆಮೆ ಎಣಿಸ್ತಾರಂತೆ," ಅಂದೆ.

"ಇವರು ದಿನಾ ಇಲ್ಲೇ ಇರುತ್ತಾರಲ್ಲ," ಅಂದಳು ಮಾರಿಸೆಲಾ. "ಯಾರು ತಂದು ಬಿಡುತ್ತಾರೆ ಅಂತ ನೋಡಿದ್ದಾರಾ, ಕೇಳಿ."

"ಈ ಆಮೆ ಯಾರು ಬಿಟ್ಟಿದ್ದು ಅಂತ ಕೇಳ್ತಾ ಇದ್ದಾರೆ."

ಕೆಂಪರಾಜು ಎದ್ದು ನಿಂತ. ಅಂಗಿಯ ಗುಂಡಿ ಸರಿ ಮಾಡಿಕೊಂಡ. "ನಾನೇ ಅನ್ನಣ್ಣ. ನಲ್ವತ್ತೊಂದು ಬುಟ್ಟಿವ್ನಿ ಅನ್ನು. ನೀರು ಸುದ್ದಾಗ್ಲಿ ಅಂತ."

ಮಾರಿಸೆಲಾ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ನಾನು ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು: "ಯಾರನ್ನೂ ನೋಡಿಲ್ಲವಂತೆ. ಇನ್ನು ಮೇಲೆ ಒಂದು ಕಣ್ಣಿಟ್ಟಿರುತ್ತಾರಂತೆ."

ಅವಳು ಅವನ ಎರಡೂ ಕೈ ಹಿಡಿದು ಕುಲುಕಿದಳು. ಅವನ ಕಣ್ಣಲ್ಲಿ ನೀರು ಬಂತು. ನಾನು ಬಾತುಕೋಳಿ ನೋಡುತ್ತಾ ನಿಂತೆ.

ಮುಂದಿನ ವಾರ ಅವಳು ಅವನಿಗೊಂದು ಹಸಿರು ಕೋಟು ತಂದುಕೊಟ್ಟಳು. ತೋಳಿಲ್ಲದ್ದು, ಬೆನ್ನ ಮೇಲೆ ಇಲಾಖೆಯ ಗುರುತು. ಕೊಳದ ಕಾವಲಿಗೆ ಸ್ವಯಂಸೇವಕ. ಅವನು ತಿಳಿದದ್ದು, ನಲವತ್ತೊಂದು ಆಮೆ ಬಿಟ್ಟದ್ದಕ್ಕೆ ಮಾಡಿದ ಮರ್ಯಾದೆ ಅಂತ. ಊರಿಗೆ ವಿಡಿಯೋ ಕಾಲ್ ಮಾಡಿ ಎದುರಿನಿಂದ ಒಂದು ಸಲ, ತಿರುಗಿ ನಿಂತು ಒಂದು ಸಲ ತೋರಿಸಿದ. ಹುಚ್ಚಮ್ಮ ಕೂಡ ಆವತ್ತು ಏನೂ ಅನ್ನಲಿಲ್ಲ. ಅದನ್ನು ಹೊರಗೆ ಒಣಗಿಸಲು ಬಿಡದ ಅಪಾರ್ಟ್‌ಮೆಂಟಿನವರನ್ನು ಮಾತ್ರ ಬೈದಳು.

ಈಗ ಹೇಳುವುದನ್ನು ಹೇಳದೆ ದಾಟಿಬಿಡೋಣ ಅಂತ ಎರಡು ದಿನ ಯೋಚಿಸಿದೆ. ನಲವತ್ತೆರಡನೆಯ ಆಮೆ ನಮ್ಮ ಮನೆಯದು. ಮೊಮ್ಮಗ ಯಶಸ್ ಸಾಕಿದ್ದು. ಆ ಹಸಿರು ಕೋಟು ಬಂದ ಹತ್ತು ದಿನಕ್ಕೆ ನನ್ನ ಸೊಸೆ ಕೆಂಪರಾಜುವನ್ನು ಕರೆದು, "ಅಂಕಲ್, ಇದನ್ನೂ ತಗೊಂಡು ಹೋಗಿ" ಅಂದಳು. ನಾನು ಅಲ್ಲೇ ಸೋಫಾದ ಮೇಲೆ ಕೂತಿದ್ದೆ. ಬೇಡ ಅಂದರೆ ಯಾಕೆ ಅಂತ ಹೇಳಬೇಕಾಗಿತ್ತು. ಕಾಫಿ ಕುಡಿಯುತ್ತಾ ಕೂತೆ. ಕೆಂಪರಾಜು ಆ ಕೋಟು ಹಾಕಿಕೊಂಡೇ ಹೋಗಿ ಅದನ್ನು ಬಿಟ್ಟುಬಂದ.

ಮೂರು ತಿಂಗಳ ಮೇಲೆ ಬಲೆ ಬಂತು. ನೀರಿನ ಮೇಲೆ ತೇಲುವ ಚೌಕಟ್ಟು, ನಡುವೆ ಜಾಳಿಗೆ. ಬಿಸಿಲು ಕಾಯಲು ಹತ್ತಿದ ಆಮೆ ಒಳಕ್ಕೆ ಜಾರಿದರೆ ಮತ್ತೆ ಹತ್ತಿ ಬರಲಾಗದು. ಎರಡೇ ದಿನದಲ್ಲಿ ಒಂಬತ್ತು ಸಿಕ್ಕಿದವು. ಎಂಟು ಕೆಂಪು ಕಿವಿ, ಒಂದು ಕಂದು. ಮಾರಿಸೆಲಾ ಒಂದೊಂದನ್ನೇ ತಿರುಗಿಸಿ ಅಳತೆ ತೆಗೆಯುತ್ತಿದ್ದಳು. ಹೊಟ್ಟೆಯ ಮೇಲೆ ಮಾಸಿದ ಕೆಂಪು ಬಣ್ಣದ ಬರಹ.

"ಹದ್ನೇಳು," ಅಂದ ಕೆಂಪರಾಜು, ಪಕ್ಕದಿಂದ ಬಗ್ಗಿ ನೋಡಿ. "ಆ ಬೆಳಗಾಂ ಡಾಕ್ಟ್ರಮ್ಮನ ಮನೇದು." ಇನ್ನೊಂದಕ್ಕೆ, "ಐದು. ನೋಡಣ್ಣ, ಎಷ್ಟು ಬಲ್ತವ್ನೆ." ಆಮೇಲೆ, "ಅಯ್ಯೋ, ಒಂದನೆಯವ್ನು." ಆ ಆಮೆಯನ್ನು ಅವನು ಗದ್ದ ಹಿಡಿದು ಮಾತಾಡಿಸಿದ.

"ಎಣಿಸುತ್ತಿದ್ದಾರಾ?" ಅಂತ ಮಾರಿಸೆಲಾ ನಕ್ಕಳು. "ಥ್ಯಾಂಕ್ಸ್ ಹೇಳಿ. ಈ ಗುರುತು ಏನಿರಬಹುದು, ನಿಮಗೆ ಗೊತ್ತಾ?"

"ಮಕ್ಕಳು ಗೀಚಿರಬೇಕು," ಅಂದೆ.

ಅವಳು ಫೋಟೋ ತೆಗೆದುಕೊಂಡಳು. ಕಂದು ಆಮೆಯನ್ನು ನೀರಿಗೆ ಬಿಟ್ಟು, ಎಂಟನ್ನೂ ಡಬ್ಬಕ್ಕೆ ಹಾಕಿ ಗಾಡಿಗೆ ಏರಿಸಿದಳು.

"ಆ ಒಂದ್ನ ಬುಟ್ಬುಟ್ಟು ನಮ್ಮವನ್ನೆಲ್ಲ ಯಾಕ್ ತಗೊಂಡೋಗ್ತಾವ್ರೆ?"

"ಡಾಕ್ಟರಿಗೆ ತೋರಿಸ್ತಾರಂತೆ. ವಾಪಸ್ ಬರ್ತವೆ."

ಎಂಟು ದಿನ ಅವನು ಬಕೆಟ್ಟು ಬಡಿದು ಬಡಿದು ನೋಡಿದ. ಮಿಕ್ಕವು ಬಂದವು, ಅವು ಬರಲಿಲ್ಲ. "ಡಾಕ್ಟ್ರು ರಜದಲ್ಲಿರ್ಬೇಕು" ಅಂದ. ನಾನು ಹೌದು ಅಂದೆ. ಕೇಳುವವನು ನಂಬಿದರೆ ಸುಳ್ಳು ಹೇಳುವವನಿಗೆ ಕೆಲಸ ಎಷ್ಟು ಸುಲಭ, ಆ ಎಂಟು ದಿನದಲ್ಲಿ ಕಂಡುಕೊಂಡೆ.

ಒಂಬತ್ತನೆಯ ದಿನ ಭಾನುವಾರ. ತೇಜಸ್ವಿನಿಯೂ ನಮ್ಮ ಜತೆ ವಾಕಿಂಗಿಗೆ ಬಂದಿದ್ದಳು. ಕೊಳದ ಬಾಗಿಲಲ್ಲಿ ಹೊಸ ಬೋರ್ಡು. ಅದರ ನಡುವೆ ದೊಡ್ಡ ಫೋಟೋ, ಆಮೆಯ ಹೊಟ್ಟೆ, ಅದರ ಮೇಲೆ ಅಂಗೈಯಗಲದ ೧೭. ಅವಳು ಓದುತ್ತಾ ನಿಂತವಳು ತಂದೆಯ ಕಡೆ ತಿರುಗಿದಳು.

"ಅಪ್ಪ, ಇದು ನಿಮ್ಮ ಕೈಬರಹ."

"ಹೂಂ ಕಣವ್ವ," ಅಂದ ಕೆಂಪರಾಜು, ಹೆಮ್ಮೆಯಿಂದ. "ಹಾಕವ್ರೆ ನೋಡು."

"ಅಪ್ಪ, ಇದರಲ್ಲಿ ಏನು ಬರೆದಿದೆ ಗೊತ್ತಾ?" ಅವಳು ತಗ್ಗಿದ ದನಿಯಲ್ಲಿ ಓದಿ ಹೇಳಿದಳು. ಈ ಆಮೆಗಳು ಇಲ್ಲಿಯ ಆಮೆಯ ಕುಲವನ್ನೇ ಅಳಿಸುತ್ತಿವೆ. ಅವನ್ನು ತಂದು ಬಿಡುವುದು ಅಪರಾಧ. ಈ ಗುರುತು ಯಾರದೆಂದು ಗೊತ್ತಿದ್ದವರು ತಿಳಿಸಿ.

ಅವನು ಬೋರ್ಡನ್ನು ನೋಡಿದ. ತನ್ನ ಕೋಟನ್ನು ನೋಡಿಕೊಂಡ. ಆಮೇಲೆ ಅದನ್ನು ಅಲ್ಲೇ ಬಿಚ್ಚಿ, ಗುರುತು ಒಳಗೆ ಬರುವಂತೆ ನಾಲ್ಕು ಮಡಿಕೆ ಮಡಚಿ, ಕಂಕುಳಲ್ಲಿ ಇಟ್ಟುಕೊಂಡ. ಅರವತ್ತೊಂಬತ್ತು ವರ್ಷದ ಮನುಷ್ಯ, ತಲೆ ತಗ್ಗಿಸಿಕೊಂಡು, ಎದುರು ಬರುವ ನಾಯಿಗಳಿಗೂ ದಾರಿ ಬಿಟ್ಟು ಮನೆಗೆ ನಡೆದ.

ತೇಜಸ್ವಿನಿ ನನ್ನನ್ನು ಪಕ್ಕಕ್ಕೆ ಕರೆದಳು. "ಅಂಕಲ್, ಯಾರಿಗೂ ಹೇಳಬೇಡಿ. ಅಪ್ಪನ ಗ್ರೀನ್ ಕಾರ್ಡು ಬಂದು ಇನ್ನೂ ಎರಡು ವರ್ಷ ಆಗಿಲ್ಲ. ಮೊದಲನೇ ಆಮೆ ಕೊಡಿಸಿದ್ದು ನಾನೇ. ಯಾವನಿಗೂ ಕನ್ನಡ ಓದಕ್ಕೆ ಬರಲ್ಲ, ಸುಮ್ಮನಿದ್ದುಬಿಡೋಣ." ಸುಮ್ಮನಿರುವುದರಲ್ಲಿ ನನಗಿಂತ ಪಳಗಿದವರು ಯಾರಿದ್ದಾರೆ. ಆಗಲಿ ಅಂದೆ.

ಸಾಯಂಕಾಲ ಕೆಂಪರಾಜು ನಮ್ಮ ಮನೆಗೆ ಬಂದ. ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತ.

"ಅವತ್ತು ಅವಮ್ಮ ಏನ್ ಕೇಳುದ್ಲು? ನೀನು ಏನ್ ಹೇಳ್ದೆ?"

ಹೇಳಿದೆ. ಆಮೆ ಎಣಿಸುವ ಸುಳ್ಳು, ಡಾಕ್ಟರ ಸುಳ್ಳು, ಮಕ್ಕಳು ಗೀಚಿದ ಸುಳ್ಳು. ನಮ್ಮ ಮನೆಯ ಆಮೆಯನ್ನು ತಿಳಿದೂ ತಿಳಿದೂ ಕೊಟ್ಟದ್ದು. ಹೇಳುತ್ತಾ ಹೋದಂತೆ ನನಗೇ ಪಟ್ಟಿ ಉದ್ದವಾಗಿ ಕಂಡಿತು. "ನಿನ್ನ ಮನಸ್ಸು ನೋಯಬಾರದು ಅಂತ" ಅಂತಲೂ ಸೇರಿಸಿದೆ. ಅದೂ ಪೂರ್ತಿ ನಿಜವಲ್ಲ. ಅವನ ಮುಖ ಬಾಡುವುದನ್ನು ನೋಡುವುದಕ್ಕೆ ನನಗೆ ಧೈರ್ಯವಿರಲಿಲ್ಲ, ಅಷ್ಟೇ.

"ನಗುಸ್ತೀಯ ಅಂತ ನಿನ್ ಪಕ್ಕ ಕೂತ್ಕತಿದ್ದೆ ಕಣಣ್ಣ," ಅಂದ. "ನಗೆಪಾಟ್ಲು ನಾನೇ ಅಂತ ಗೊತ್ತಿರ್ನಿಲ್ಲ." ಆಮೇಲೆ, "ನಾಳೆ ಅವಮ್ಮ ಬತ್ತಾಳೆ. ನೀನೂ ಬರ್ಬೇಕು. ನಾನು ಹೇಳಿದ್ದ ಹಂಗೇ ಹೇಳು. ಒಂದ್ ಮಾತು ಸೇರುಸ್ಬ್ಯಾಡ, ಒಂದ್ ಮಾತು ನುಂಗ್ಬ್ಯಾಡ."

"ತೇಜಸ್ವಿನಿ ಬೇಡ ಅಂದಳು. ಗ್ರೀನ್ ಕಾರ್ಡು..."

"ಕಾರ್ಡು ಅವ್ರದ್ದು. ಬೇಕಾದ್ರೆ ಇಸ್ಕಳ್ಳಿ. ನೀರು ಕೆಡಿಸಿರೋನು ನಾನು ಕಣಣ್ಣ."

ಮರುದಿನ ಬೆಳಿಗ್ಗೆ ಹುಚ್ಚಮ್ಮನೂ ಬಂದಿದ್ದಳು. ಕೋಟನ್ನು ಒಗೆದು, ಇಸ್ತ್ರಿ ಮಾಡಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ತಂದಿದ್ದಳು. ಕೆಂಪರಾಜು ಮಾರಿಸೆಲಾಳ ಎದುರು ಕೈ ಕಟ್ಟಿ ನಿಂತು, ನಾಲ್ಕು ಮಾತು ಹೇಳುವುದು, ನಿಲ್ಲಿಸುವುದು, ನನ್ನ ಕಡೆ ನೋಡುವುದು.

"ಆ ಆಮೆ ಬುಟ್ಟೋನು ನಾನು. ನಲ್ವತ್ತೆರಡು. ನಮ್ಮೂರಲ್ಲಿ ಬಾವಿಗೆ ಬುಡ್ತೀವಿ. ಇಲ್ಲೂ ನೀರು ನೀರೇ ಅಂದ್ಕಂಡಿದ್ದೆ. ಕೇಳ್ದೆ ಮಾಡಿದ್ದು ತಪ್ಪು. ಆ ಬರಹ ನಂದು. ಯಾರ್ ಯಾರ್ ಮನೇದು ಅಂತ ನಾನು ಹೇಳಾಕಿಲ್ಲ, ಬುಟ್ಟಿದ್ದು ನನ್ ಕೈಯಿ."

ನಾನು ಒಂದಕ್ಷರ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ. ಮಾರಿಸೆಲಾ ನನ್ನನ್ನು ನೋಡಿದಳು. "ಮೊದಲ ದಿನ ನಾನು ಕೇಳಿದಾಗ ಅವರು ಏನು ಹೇಳಿದ್ದರು?"

"ಇದನ್ನೇ," ಅಂದೆ. "ಬದಲಾಯಿಸಿದವನು ನಾನು."

ಅವಳು ಬೈಯಲಿಲ್ಲ. ಬೈದಿದ್ದರೆ ನಾನು ಏನಾದರೂ ಹೇಳಿ ನಗಿಸುತ್ತಿದ್ದೆನೇನೋ. "ನಾಲ್ಕು ತಿಂಗಳು ಹೋಯಿತು," ಅಂದಳು. "ಮೂರು ಕಂದು ಆಮೆಗಳಲ್ಲಿ ಈಗ ಎರಡೇ ಕಾಣುತ್ತಿವೆ. ಇದರಿಂದಲೇ ಅಂತ ನಾನು ಹೇಳಲಾರೆ. ಅಲ್ಲ ಅಂತಲೂ ಹೇಳಲಾರೆ."

ಅದನ್ನೂ ಕನ್ನಡದಲ್ಲಿ ಹೇಳಿದೆ. ಕೆಂಪರಾಜು ಕಣ್ಣು ಮುಚ್ಚಿ ತೆರೆದ.

"ತಗೊಂಡೋಗಿದ್ದವನ್ನ ಏನ್ ಮಾಡುದ್ರಿ, ಕೇಳಣ್ಣ."

ಕೇಳಿದೆ. ಅವಳು ಕೊಳದ ಕಡೆ ತಿರುಗಿ ಉತ್ತರ ಕೊಟ್ಟಳು. ಎಂಟರಲ್ಲಿ ಎರಡಕ್ಕೆ ಸಾಕುವ ಮನೆ ಸಿಕ್ಕಿದೆ. ಎಲ್ಲ ಕಡೆ ಇದೇ ಆಮೆಗಳು ತುಂಬಿಹೋಗಿ ಯಾರಿಗೂ ಬೇಡ. ಮಿಕ್ಕವಕ್ಕೆ ಸೂಜಿಮದ್ದು ಕೊಟ್ಟು ಸಾಯಿಸುತ್ತಾರೆ, ನೋವಾಗದಂತೆ.

ನಾಲಿಗೆಯ ತುದಿಗೆ ಬೇರೊಂದು ಮಾತು ಬಂದು ಕೂತಿತ್ತು. ದೊಡ್ಡ ಕೆರೆಗೆ ಬಿಟ್ಟರಂತೆ ಅಂತ. ಎಷ್ಟು ಚೆನ್ನಾಗಿ ಬಂದಿತ್ತೆಂದರೆ, ಆ ಕೆರೆಯ ಹೆಸರು ಕೂಡ ಹುಟ್ಟಿಬಿಟ್ಟಿತ್ತು. ಕೆಂಪರಾಜು ನನ್ನನ್ನೇ ನೋಡುತ್ತಿದ್ದ.

"ಸಾಯಿಸ್ತಾರಂತೆ ಕೆಂಪರಾಜು. ಸೂಜಿ ಕೊಟ್ಟು. ಎಂಟರಲ್ಲಿ ಎರಡಕ್ಕೆ ಮನೆ ಸಿಕ್ಕಿದೆ."

"ಒಂದನೆಯವ್ನು?" ಅಂದ ಕೆಂಪರಾಜು, ಅಂಗೈ ಮೇಲೆ ಬೆರಳಿನಿಂದ ೧ ಅಂತ ಗೀರಿ ಅವಳಿಗೆ ತೋರಿಸುತ್ತಾ.

ಮಾರಿಸೆಲಾ ತಲೆ ಅಲ್ಲಾಡಿಸಿದಳು. ಅದಕ್ಕೆ ನಾನು ಬೇಕಾಗಲಿಲ್ಲ.

ಹುಚ್ಚಮ್ಮ ಕೋಟಿನ ಚೀಲವನ್ನು ಮುಂದೆ ಹಿಡಿದಳು. ಮಾರಿಸೆಲಾ ತಗೊಂಡಳು. "ನಾನು ಇದನ್ನು ಬರೆದುಕೊಳ್ಳಲೇಬೇಕು. ಮೇಲಿನವರು ಏನು ಮಾಡುತ್ತಾರೋ ತಿಳಿಯದು," ಅಂದಳು. ಆಮೇಲೆ ಕೇಳಿದಳು: "ಇನ್ನೂ ಮೂವತ್ತನಾಲ್ಕು ಇವೆ. ಬಲೆ ಕಂಡರೆ ಈಗ ಹತ್ತಿರ ಬರುತ್ತಿಲ್ಲ. ಎಲ್ಲೆಲ್ಲಿ ಕೂರುತ್ತವೆ ಅಂತ ಅವರಿಗೆ ಗೊತ್ತಾ?"

ಅದನ್ನೂ ಹೇಳಿದೆ. ಕೆಂಪರಾಜು ದಡಕ್ಕೆ ಹೋಗಿ, ಬಕೆಟ್ಟು ಕವುಚಿ, ಕೋಲಿನಿಂದ ಬಡಿದ. ಟಣ್ ಟಣ್. ಜೊಂಡಿನಿಂದ, ದಿಮ್ಮಿಯ ಕೆಳಗಿನಿಂದ, ತಲೆಗಳು ಒಂದೊಂದಾಗಿ ಎದ್ದು ಅವನ ಕಡೆ ಬಂದವು. ಹುಚ್ಚಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಆ ಕಡೆ ತಿರುಗಿದಳು. ಮಾರಿಸೆಲಾ ಕೈಬಲೆ ತರಲು ಗಾಡಿಗೆ ಓಡಿದಳು. ಅಷ್ಟರಲ್ಲಿ ಅವನು ಲೆಟಿಸ್ ಎಲೆ ಹರಿದು ಹಾಕುತ್ತಿದ್ದ. ಯಾವತ್ತಿನಂತೆ, ಸಣ್ಣವಕ್ಕೆ ಮೊದಲು.

ಆರು ವಾರದಲ್ಲಿ ಮೂವತ್ತಮೂರು ಸಿಕ್ಕಿದವು. ಪ್ರತಿಯೊಂದನ್ನೂ ಎತ್ತಿಕೊಟ್ಟವನು ಕೆಂಪರಾಜುವೇ. ಬೇರೆಯವರ ಕೈಗೆ ಬಿಡಲಿಲ್ಲ. ನಂಬರು ಹೇಳುವುದನ್ನು ಮಾತ್ರ ನಿಲ್ಲಿಸಿದ. ಇಲಾಖೆಯಿಂದ ಒಂದು ಎಚ್ಚರಿಕೆಯ ಪತ್ರ ಬಂತು, ಮತ್ತೆ ಮಾಡಿದರೆ ದಂಡ ಅಂತ. ಅದನ್ನು ನನ್ನಿಂದ ಎರಡು ಸಲ ಓದಿಸಿದ. ಎರಡನೆಯ ಸಲ ತೇಜಸ್ವಿನಿಯನ್ನೂ ಪಕ್ಕದಲ್ಲಿ ಕೂರಿಸಿಕೊಂಡಿದ್ದ, ನಾನು ಸರಿಯಾಗಿ ಹೇಳುತ್ತೇನೋ ಇಲ್ಲವೋ ಅಂತ. ನನಗೆ ಬೇಜಾರಾಗಲಿಲ್ಲ ಅಂದರೆ ಅದು ಇನ್ನೊಂದು ಬುರುಡೆ.

ವಾಟ್ಸಾಪ್ ಗುಂಪಿಗೂ ಅವನ ಮಾತಿನಲ್ಲೇ ಹಾಕಿಸಿದ: 'ಕೊಳಕ್ಕೆ ಆಮೆ ಬಿಟ್ಟು ಕೆಡಿಸಿದವನು ನಾನು, ಕೆಂಪರಾಜು. ಇನ್ನು ಯಾರೂ ಬಿಡಬೇಡಿ, ಬೇರೆಯವರು ಬಿಟ್ಟರೂ ತಡೆಯಿರಿ.' ನಲವತ್ತೆರಡು ಮನೆಯವರಲ್ಲಿ ಕೆಲವರು ಕೈ ಮುಗಿಯುವ ಚಿತ್ರ ಹಾಕಿದರು. ನಮ್ಮ ಮನೆಯದೂ ಇತ್ತು ಅಂತ ಒಬ್ಬರೂ ಬರೆಯಲಿಲ್ಲ. ಆವತ್ತು ನಾನೂ ಬರೆಯಲಿಲ್ಲ. ಒಂದು ಫೋನು ಮಾತ್ರ ಬಂತು, ಸುರೇಶ್ ಅನ್ನುವವರದು. ಗುಂಪಿನಲ್ಲಿ ಹಾಕಿದ್ದು ನೋಡಿದೆ, ಸರಿ, ಆದರೆ ನಮ್ಮ ಮನೆಯಲ್ಲಿ ಒಂದೇ ಒಂದಿದೆಯಲ್ಲ, ಅದಕ್ಕೇನು ಮಾಡೋಣ ಅಂತ.

ಉಳಿದಿರುವುದು ಒಂದು. ನಲವತ್ತೆರಡನೆಯದು, ಯಶಸ್‌ನದು. ಕೊನೆಗೆ ಬಿಟ್ಟದ್ದರಿಂದ ಅದಕ್ಕೆ ಬಕೆಟ್ಟಿನ ಸದ್ದು ಸರಿಯಾಗಿ ರೂಢಿಯಾಗಿಲ್ಲ. ನಡು ನೀರಿನ ದಿಮ್ಮಿಯ ಮೇಲೆ, ಯಾರ ಬಲೆಗೂ ಎಟುಕದಂತೆ, ಕತ್ತು ಚಾಚಿ ಕೂರುತ್ತದೆ. ಹೋದ ಮಂಗಳವಾರ ಅದೇ ದಿಮ್ಮಿಯ ಇನ್ನೊಂದು ತುದಿಗೆ ಕಂದು ಆಮೆಯೊಂದು ಹತ್ತಲು ನೋಡಿತು. ನಮ್ಮದು ಒಂದು ಹೆಜ್ಜೆ ಮುಂದಿಟ್ಟಿತು. ಕಂದಿನದು ಜಾರಿ ನೀರಿಗೆ ಹೋಯಿತು.

ದಡದಲ್ಲಿ ಕೆಂಪರಾಜು ಇದ್ದ. ಕೋಟಿಲ್ಲ, ಹಳೇ ಸ್ವೆಟರು. ಈಗ ನಾವು ಹೆಚ್ಚು ಮಾತಾಡುವುದಿಲ್ಲ. ನಾನು ಬಾಯಿ ತೆರೆದೆ.

"ಕತೆ ಬ್ಯಾಡ ಕಣಣ್ಣ," ಅಂದ.

ಬಲೆಯ ಕೋಲನ್ನು ನನ್ನ ಕಡೆ ಚಾಚಿದ. ನಾನು ಶೂ ಬಿಚ್ಚಿ, ಪ್ಯಾಂಟು ಮಡಚಿ, ನೀರಿಗೆ ಇಳಿದೆ.